ರಾಗಿ ಬಣ್ಣದ ಅಕ್ಕಿ ಸಂಡಿಗೆ

ಇವತ್ತು ಬೆಳಿಗ್ಗೆ ಒಗ್ಗರಣೆಗೆಂದು ಬಾಲ್ಕನಿಯ ಗಿಡದಿಂದ ಕರಿಬೇವು ಕಿತ್ತು ತೊಳೆದರೆ ಬಟ್ಟಲಿನ ನೀರೆಲ್ಲ ಮಸಿಯಾಯಿತು. ನಮ್ಮ ಮನೆ ನೆಲಮಂಗಲದ ದೊಡ್ಡ ರಸ್ತೆಗೆ ಹತ್ತಿರ. ಗೋಡೌನುಗಳಿಗೆ ಹೋಗುವ ಲಾರಿಗಳಿಗೆ ಹೊತ್ತುಗೊತ್ತು ಎಂಬುದಿಲ್ಲ. ಬೈಯೋಣವೆಂದು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ಮಸಿ ನೋಡಿ ನಗುವವಳಿಗೆ ತಲೆ ಕೆಟ್ಟಿದೆ ಅನ್ನಬೇಡಿ. ಸ್ವಲ್ಪ ಕೂತು ಕೇಳಿ, ಆಮೇಲೆ ಅನ್ನುವಿರಂತೆ.

ಎಪ್ಪತ್ತರ ದಶಕದಲ್ಲಿ ನಾನು ಬೆಂಗಳೂರಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಇಲ್ಲೇ ಊರಾಚೆ, ತುಮಕೂರು ರಸ್ತೆ ಏರು ಹತ್ತುವಲ್ಲಿ ಚಿಕ್ಕಮ್ಮನ ಮನೆ. ಅಲ್ಲಿಂದ ದಿನವೂ ಬಸ್ಸಿನಲ್ಲಿ ಓಡಾಟ. ಹೊಸ ಕೆಲಸದ ಜಂಬಕ್ಕೆ ಗಂಜಿ ಹಾಕಿದ ತಿಳಿ ಬಣ್ಣದ ಸೀರೆ ಉಟ್ಟು ರಸ್ತೆಬದಿ ನಿಂತರೆ, ಬಸ್ಸು ಬರುವಷ್ಟರಲ್ಲಿ ನಾಲ್ಕು ಲಾರಿ ಹೊಗೆ ಉಗುಳುತ್ತಾ ಏರು ಹತ್ತಿ ಅದರ ಗತಿ ಕಾಣಿಸುತ್ತಿದ್ದವು. "ಎಲ್ಲರ ಸೀರೆಗೂ ಬಣ್ಣ ಹೋಗುತ್ತೆ, ನಿಂದಕ್ಕೆ ಮಾತ್ರ ಬಣ್ಣ ಬರುತ್ತೆ ಕಣೇ" ಎಂದು ಆಫೀಸಿನ ಗೆಳತಿಯರು ಛೇಡಿಸುತ್ತಿದ್ದರು. ಕೊನೆಗೆ ನಾನು ಬೂದಿ ಬಣ್ಣದ ಸೀರೆ ಕೊಂಡು ಸಮಸ್ಯೆ ಬಗೆಹರಿಸಿಕೊಂಡೆ.

ನನ್ನ ಸೀರೆಯ ಮಾತು ಬಿಡಿ, ಚಿಕ್ಕಮ್ಮನದು ಉಸಿರಿನ ಮಾತು. ಉಬ್ಬಸ ಎದ್ದರೆ ಆಕೆ ಜಗಲಿಯ ಕಂಬ ತಬ್ಬಿ ನಿಲ್ಲುತ್ತಿದ್ದಳು. ಬೆನ್ನು ನೀವುವುದು ಬಿಟ್ಟು ಬೇರೇನೂ ಮಾಡಲಾಗದೆ ನನಗೆ ಅಳು ಬರುತ್ತಿತ್ತು. ಹೊಗೆಯಿಂದ ದೂರ ಇರಬೇಕಮ್ಮಾ ಎಂದರು ಡಾಕ್ಟರು. ದೂರ ಎಲ್ಲಿಗೆ ಹೋಗುವುದು? ಚಿಕ್ಕಪ್ಪನಿಗೆ ಸ್ವಂತದ್ದೊಂದು ಲಾರಿ ಇತ್ತು, ತಾನೇ ಓಡಿಸುತ್ತಿದ್ದ. ಇಟ್ಟಿಗೆ ಸಾಗಿಸಿದರೆ ಮನೆ ನಡೆಯಬೇಕು. ಇಡೀ ರಸ್ತೆಯಲ್ಲಿ ಅತಿ ಕಪ್ಪು ಹೊಗೆ ಅವನ ಲಾರಿಯದೇ, ಅದು ಅವನ ಹೆಮ್ಮೆ ಕೂಡ. "ಹೊಗೆ ಉಗುಳಿದ್ರೆ ತಾನೇ ಎಳೀತಾ ಇದೆ ಅಂತ ಅರ್ಥ! ನಿಂಗೆ ಕೆಮ್ಮು ಬರೋದು ನಿನ್ನ ಸೌದೆ ಒಲೆಯಿಂದ ಕಣೇ" ಅನ್ನುತ್ತಿದ್ದ. ಡೀಸೆಲ್ ಪಂಪಿನ ಸ್ಕ್ರೂ ತಿರುಗಿಸಿ ಹೆಚ್ಚು ಎಣ್ಣೆ ಕುಡಿಸಿದರೆ ಹೆಚ್ಚು ಲೋಡು ಎಳೆಯುತ್ತದೆಂದು ಆಗ ಎಲ್ಲ ಡ್ರೈವರುಗಳೂ ನಂಬಿದ್ದರು.

ಆ ಬೇಸಿಗೆಯಲ್ಲಿ, ಹೊಗೆ ಬಿಡುವ ಲಾರಿಗಳನ್ನು ಹಿಡಿಯಿರಿ ಎಂದು ಮೇಲಿನಿಂದ ಹುಕುಂ ಬಂತಂತೆ. ಒಂದು ಭಾನುವಾರ ನಮ್ಮ ಮನೆ ಮುಂದಿನ ಹುಣಸೆಮರದಡಿ ಬ್ರೇಕ್ ಇನ್ಸ್‌ಪೆಕ್ಟರರ ಜೀಪು ಬಂದು ನಿಂತಿತು. ಲಾರಿ ತಪಾಸಣೆಯ ಅಧಿಕಾರಿಗೆ ನಮ್ಮ ಕಡೆ ಹಾಗೇ ಹೆಸರು. ಬ್ರೇಕು ಬಿಟ್ಟು ಬೇರೆಲ್ಲ ನೋಡಿದರೂ ಹೆಸರು ಮಾತ್ರ ಅದೇ. ಯಂತ್ರ ಗಿಂತ್ರ ಏನಿಲ್ಲ, ಕಣ್ಣಿಗೆ ಕಂಡದ್ದೇ ಲೆಕ್ಕ. ಆದರೆ ಎದುರು ದಿಕ್ಕಿಗೆ ಹೋಗುವ ಲಾರಿಯವರು ಕೈಸನ್ನೆ ಮಾಡಿ ಸುದ್ದಿ ಮುಟ್ಟಿಸಿಬಿಟ್ಟಿದ್ದರು. ಅವತ್ತು ಹೊಗೆ ಕಾಣದಂತೆ ಮೆಲ್ಲಗೆ ಏರು ಹತ್ತಿದ ಲಾರಿಗಳ ನಯವಿನಯವನ್ನು ನೀವು ನೋಡಬೇಕಿತ್ತು, ಹಸೆಮಣೆಗೆ ಬರುವ ಮದುಮಗಳ ಹಾಗೆ! ನಮ್ಮ ಲಾರಿಯಂತೂ ಮನೆ ಹಿಂದೆ ತೊಳೆಸಿಕೊಂಡು ನಿಂತಿತ್ತು.

ಬಿಸಿಲಿಗೆ ಬಳಲಿದ ಇನ್ಸ್‌ಪೆಕ್ಟರು ನೀರು ಕೇಳಿದರು. ಚಿಕ್ಕಪ್ಪ ಭಾರೀ ಮರ್ಯಾದೆಯಿಂದ ಜಗಲಿಗೆ ಕರೆದು ಕೂರಿಸಿದ. ಚಿಕ್ಕಮ್ಮ ಕಾಫಿಯ ಜೊತೆ ಸಂಡಿಗೆ ಕರಿದು ತಂದಳು.

"ರಾಗಿ ಸಂಡಿಗೆ ಬಾಳ ಚೆನ್ನಾಗಿದೆ ತಾಯಿ" ಎಂದರು ಇನ್ಸ್‌ಪೆಕ್ಟರು.

"ರಾಗಿದಲ್ಲ ಸ್ವಾಮಿ, ಅಕ್ಕೀದು. ಮಾಳಿಗೆ ಮೇಲೆ ಒಣಗ್ಹಾಕಿದ್ದೆ. ಬಣ್ಣ ಲಾರಿಗಳದ್ದು."

ಅವರ ಕೈಯಲ್ಲಿದ್ದ ಅರ್ಧ ಸಂಡಿಗೆ ಬಾಯಿಗೂ ತಟ್ಟೆಗೂ ನಡುವೆ ನಿಂತಿತು. ಪಾಪ, ಮರ್ಯಾದಸ್ಥರು, ತಿಂದೇಬಿಟ್ಟರು. ಆಮೇಲೆ ನಗುತ್ತಾ ಕೇಳಿದರು: "ದಿನಾ ನೋಡೋರು ನೀವು. ಯಾವ ಲಾರಿಯಮ್ಮಾ ಜಾಸ್ತಿ ಹೊಗೆ ಬಿಡೋದು?"

ಚಿಕ್ಕಪ್ಪ ನೆಲ ನೋಡಿದ. ಚಿಕ್ಕಮ್ಮ ಗಂಡನ ಮುಖ ಒಂದು ಸಲ ನೋಡಿ ಸೆರಗು ಸರಿಮಾಡಿಕೊಂಡಳು.

"ಮನೆ ಹಿಂದೆ ನಿಂತೈತಲ್ಲ ಸ್ವಾಮಿ, ಅದೇ."

ಲಾರಿ ಸ್ಟಾರ್ಟ್ ಮಾಡಿಸಿದ್ದೇ ತಡ, ಹಿತ್ತಲೇ ಕಾಣದಾಯಿತು. ಪಂಪು ಸರಿ ಮಾಡಿಸುವವರೆಗೆ ರಸ್ತೆಗೆ ಇಳಿಸಕೂಡದೆಂದು ಹೇಳಿ ಇನ್ಸ್‌ಪೆಕ್ಟರು ಹೊರಟರು. ಜೀಪು ಮರೆಯಾಗುವವರೆಗೂ ಚಿಕ್ಕಪ್ಪ ತಡೆದುಕೊಂಡಿದ್ದ.

"ಗಂಡನ ಹೊಟ್ಟೆ ಮೇಲೆ ಹೊಡೆದ್ಯಲ್ಲೇ! ಇನ್ನೇನು ತಿಂತೀಯ?"

"ಲಾರಿ ನಿಂತ್ರೆ ರಿಪೇರಿ ಮಾಡಿಸ್ತೀರ. ನನ್ನ ಉಸಿರು ನಿಂತ್ರೆ ಯಾವ ಗ್ಯಾರೇಜಿಗೆ ಒಯ್ತೀರ್ರೀ?"

ಆಕೆ ಗಂಡನಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಆ ವಾರವೆಲ್ಲ ಅವರಿಬ್ಬರ ನಡುವೆ ಮಾತಿಲ್ಲ. "ನಿಮ್ಮ ಚಿಕ್ಕಪ್ಪನ್ನ ಊಟಕ್ಕೆ ಕರಿ", "ನಿಮ್ಮ ಚಿಕ್ಕಮ್ಮಂಗೆ ಹಸಿವಿಲ್ಲ ಅಂತ ಹೇಳು". ಆಫೀಸಿನಲ್ಲಿ ಟೈಪು, ಮನೆಯಲ್ಲಿ ಟಪಾಲು, ನನ್ನ ಪಾಡು ಅಷ್ಟೇ ಆಗಿತ್ತು.

ಪಂಪು ಸರಿಯಾಗಿ ಬಂತು. ಹೊಗೆ ಇಳಿಯಿತು, ವೇಗವೂ ಇಳಿಯಿತು. ಲೋಡು ಕಡಿಮೆ ಮಾಡಿದರೂ ಲಾರಿ ಏರಿನಲ್ಲಿ ತೇಕುವುದು ತಪ್ಪಲಿಲ್ಲ. ಹಿಂದಿನವರು ಹಾರ್ನ್ ಹೊಡೆದು "ಏನ್ ಗುರೂ, ಇಳಿದು ತಳ್ಳಾಣ?" ಎಂದು ಗೇಲಿ ಮಾಡುತ್ತಿದ್ದರು. ಚಿಕ್ಕಪ್ಪ ಹಲ್ಲು ಕಚ್ಚಿಕೊಂಡು ಮನೆಗೆ ಬರುತ್ತಿದ್ದ. ರಸ್ತೆಯಲ್ಲಿ ಬೇರೆ ಲಾರಿಗಳಿಗೇನು ಕೊರತೆ? ಚಿಕ್ಕಮ್ಮನ ಉಬ್ಬಸ ಪೂರ್ತಿ ಹೋಗಲಿಲ್ಲ. ಆದರೂ ಮನೆ ಹಿಂದೆ ಲಾರಿ ತಿರುಗಿಸುವಾಗ ಕಂಬ ಹುಡುಕುವುದು ತಪ್ಪಿತು.

ಮಳೆಗಾಲ ಮುಗಿಯುವಷ್ಟರಲ್ಲಿ ಇನ್ಸ್‌ಪೆಕ್ಟರಿಗೆ ವರ್ಗವಾಯಿತು. ಸರ್ಕಾರದ ಹುಕುಮ್ಮೂ ಅವರ ಹಿಂದೆಯೇ ಹೋಯಿತೋ ಏನೋ. ಒಬ್ಬೊಬ್ಬರಾಗಿ ಎಲ್ಲರೂ ಸ್ಕ್ರೂ ತಿರುಗಿಸಿಕೊಂಡರು. ಒಂದು ಸಂಜೆ ಮೆಕ್ಯಾನಿಕ್ ಭಾಯ್ ತಾನೇ ಸ್ಪ್ಯಾನರ್ ಹಿಡಿದು ಮನೆಗೆ ಬಂದ. "ಯಾರೂ ಕೇಳೋರಿಲ್ಲ ಈಗ. ಒಂದ್ ಸುತ್ತು ಕೊಡ್ಲಾ ಅಣ್ಣ? ಕುದುರೆ ಆಗ್ತದೆ ಗಾಡಿ."

ಚಿಕ್ಕಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟ. ಒಳಗೆ ಚಿಕ್ಕಮ್ಮ ಮುದ್ದೆ ತೊಳಸುವುದನ್ನು ನಿಲ್ಲಿಸಿದ್ದಳು.

"ಬೇಡ ಭಾಯ್" ಎಂದ. "ಮನೇಲಿ ಉಸಿರಾಡೋರು ಇದಾರೆ."

ಇಬ್ಬರೂ ಈಗಿಲ್ಲ. ಇಷ್ಟು ಬರೆದು ಏಳುವಾಗ ಕೆಳಗಡೆ ನನ್ನ ಮಗ ಕಾರು ಸ್ಟಾರ್ಟ್ ಮಾಡಿಟ್ಟು ಫೋನಿನಲ್ಲಿ ಹರಟುತ್ತಿದ್ದ. ಬಾಲ್ಕನಿಯಿಂದ ಬಗ್ಗಿ, "ಆಫ್ ಮಾಡೋ, ಮನೇಲಿ ಉಸಿರಾಡೋರು ಇದೀವಿ" ಎಂದು ಕೂಗಿದೆ. ಅವನು ತಲೆಯೆತ್ತಿ ನನ್ನನ್ನೇ ವಿಚಿತ್ರವಾಗಿ ನೋಡಿದ. ಆಮೇಲೆ ಆಫ್ ಮಾಡಿದ.