ಬಿಳಿ ಬಣ್ಣದ ಮೋಟಾರು ಮನೆ

ಮೊನ್ನೆ ಸಂಜೆ ರಾಯಚೂರಿನಲ್ಲಿ ವಾಯುವಿಹಾರದ ಹೆಸರಿನಲ್ಲಿ ಮೊಣಕಾಲು ಸವೆಸಲು ಹೊರಟಿದ್ದೆ. ಪೆಟ್ರೋಲ್ ಬಂಕಿನ ಪಕ್ಕ ಒಂದು ದೊಡ್ಡ ಗಾಡಿ ನಿಂತಿತ್ತು. ಕಿಟಕಿಗಳಿಗೆ ಪರದೆ, ಬಾಗಿಲಿಗೆ ಮಡಚುವ ಮೆಟ್ಟಿಲು, ಒಂದು ಬದಿಗೆ ಒಣಗಲು ಹಾಕಿದ ಟವೆಲು. ಈಗ ಇಂಥ ಗಾಡಿಗಳು ಬಾಡಿಗೆಗೂ ಸಿಗುತ್ತವಂತೆ, ಅದರಲ್ಲೇ ಅಡುಗೆ, ಅದರಲ್ಲೇ ನಿದ್ದೆ. ಕಿಟಕಿಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು, ಕೆಳಗಿನಿಂದ ಡೀಸೆಲ್ ವಾಸನೆ. ಈ ಎರಡೂ ಒಟ್ಟಿಗೆ ನನ್ನ ಮೂಗಿಗೆ ಬಡಿದು ನಲವತ್ತು ವರ್ಷಗಳ ಮೇಲಾಗಿತ್ತು. ನೀವು ನಗಬಹುದು, ನಾನು ಅಲ್ಲೇ ಬಂಕಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ನಮ್ಮ ಅಣ್ಣನಿಗೆ ಇದೇ ಊರಿನಲ್ಲಿ ಲಾರಿ, ಬಸ್ಸುಗಳಿಗೆ ಬಾಡಿ ಕಟ್ಟುವ ಶೆಡ್ಡಿತ್ತು. ಮಾತು ಬಹಳ ಕಡಿಮೆ. ಬೇರೆಯವರು ಮಾತಾಡುವ ಕಡೆ ಅವನು ಸುತ್ತಿಗೆ ಆಡಿಸುತ್ತಿದ್ದ. ಅವನ ಹೆಂಡತಿ, ಅಂದರೆ ನಮ್ಮ ವೈನಿ, ದೇವದುರ್ಗದವಳು. ಅವರಿಗೆ ಒಬ್ಬಳೇ ಮಗಳು. ಇನ್ನೇನು ಸಾಲೆಗೆ ಹಾಕಬೇಕು ಅನ್ನುವ ಹೊತ್ತಿಗೆ, ಒಂದು ಮಳೆಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ಆ ಮನೆಯ ಕಥೆಯನ್ನು ಇದಕ್ಕಿಂತ ಉದ್ದ ಹೇಳಲು ನನಗೆ ಇವತ್ತಿಗೂ ಆಗುವುದಿಲ್ಲ.

ಆಮೇಲೆ ವೈನಿ ಅಡುಗೆಮನೆಗೆ ಕಾಲಿಡಲಿಲ್ಲ. ಕೂಸು ಒಲೆಯ ಮಗ್ಗುಲಲ್ಲೇ ಮಣೆ ಹಾಕಿಕೊಂಡು ಕೂಡುತ್ತಿತ್ತು, ಆ ಜಾಗ ನೋಡಲಾಗದು ಎಂದಳು. ನಾನು ಆಗ ಬಿ.ಎ. ಮುಗಿಸಿ, ಮನೆಯವರು ವರ ನೋಡುತ್ತಿದ್ದಾರೆ ಎಂಬ ಉದ್ಯೋಗದಲ್ಲಿದ್ದೆ. ಹೀಗಾಗಿ ಒಲೆ ನನ್ನ ಪಾಲಿಗೆ ಬಂತು. ನಾನು ಬಡಿದ ರೊಟ್ಟಿ ಮುರಿಯಲು ಅಣ್ಣ ಶೆಡ್ಡಿನಿಂದ ಸುತ್ತಿಗೆ ತರಬೇಕಿತ್ತು, ಆದರೂ ಪುಣ್ಯಾತ್ಮ ಸುಮ್ಮನೆ ತಿಂದ. ಮಾತಾಡಿಸಲು ಬಂದವರೆಲ್ಲ ವೈನಿಗೆ ಮರೆತುಬಿಡು, ಮರೆತುಬಿಡು ಎಂದು ಹೇಳಿ ಚಹಾ ಕುಡಿದು ಹೋದರು. ನಾವೂ ಮನೆಯಲ್ಲಿ ಆ ಕೂಸಿನ ಹೆಸರೆತ್ತುವುದನ್ನು ಬಿಟ್ಟೆವು. ಅದನ್ನೇ ದೊಡ್ಡ ಕರುಣೆ ಎಂದುಕೊಂಡಿದ್ದೆವು.

ಒಂದು ದಿನ ವೈನಿ ತನ್ನ ಸೀರೆಗಳನ್ನೆಲ್ಲ ಗಂಟು ಕಟ್ಟಿದಳು. ಇನ್ನು ಈ ಮನೆಯಲ್ಲಿ ಇರಲಾರೆ, ತವರಿಗೆ ಬಿಟ್ಟು ಬನ್ನಿ ಎಂದಳು. ನಾಲ್ಕು ದಿನ ಇದ್ದು ಬರುವವಳ ಗಂಟಾಗಿರಲಿಲ್ಲ ಅದು. ಅಣ್ಣ ಸ್ವಲ್ಪ ತಡಿ ಎಂದವನೇ ಶೆಡ್ಡು ಸೇರಿದ. ಹರಾಜಿನಲ್ಲಿ ಹಿಡಿದ ಒಂದು ಹಳೆಯ ವ್ಯಾನು ಅಲ್ಲಿ ಬಿದ್ದಿತ್ತು. ಅದರ ಒಳಗನ್ನೆಲ್ಲ ಕಿತ್ತು, ಎರಡು ಹಲಗೆಯ ಮಂಚ, ಪಾತ್ರೆಗೆ ಗೂಡು, ನೀರಿಗೆ ಪೀಪಾಯಿ, ಸೀಮೆಎಣ್ಣೆ ಸ್ಟೋವಿಗೆ ತಗಡಿನ ಕಟ್ಟೆ ಕಟ್ಟಿದ. ಹೊಸ ಮನೆಗೆ ಸುಣ್ಣ ಬಳಿಯದೆ ಹೋಗುವುದುಂಟೇ ಎಂದು ಹೊರಗೆಲ್ಲ ಬೆಳ್ಳನೆಯ ಬಣ್ಣ ಹೊಡೆದ. ಆಮೇಲೆ ವೈನಿಯನ್ನು ಕರೆದು, ಅವನ ಜನ್ಮದಲ್ಲೇ ಉದ್ದವಾದ ಮಾತು ಆಡಿದ.

"ಆ ಮನಿ ಒಲ್ಲೆ ಅಂದಿ, ಇದು ಬ್ಯಾರೆ ಮನಿ. ದೇವದುರ್ಗದ ತನಕ ಇದರಾಗ ಬಾ. ಅಲ್ಲಿ ಮುಟ್ಟಿದ ಮ್ಯಾಲೂ ಬ್ಯಾಡ ಅನಿಸಿದ್ರ ಇಳಿದು ಹೋಗು. ನಾ ತಡಿಯಂಗಿಲ್ಲ."

ವೈನಿ ಹೂಂ ಎಂದಳು. ಗಂಡ ಹೆಂಡತಿಯ ನಡುವೆ ಮಾತಾಡಲು ಒಂದು ಬಾಯಿ ಬೇಕಲ್ಲ, ನನ್ನನ್ನೂ ಹತ್ತಿಸಿಕೊಂಡರು.

ಹೊಸ ಮನೆಗೆ ಹೊಂದಿಕೊಳ್ಳುವುದು ಕಷ್ಟ ಅನ್ನುತ್ತಾರೆ. ಆ ಮನೆಯೇ ಓಡುತ್ತಿದ್ದರೆ ಹೇಗಿರುತ್ತದೆ ನೀವೇ ಯೋಚಿಸಿ. ರಾಯಚೂರು ದಾಟುವುದರೊಳಗೆ ಗೂಡಿನ ಪಾತ್ರೆಗಳೆಲ್ಲ ನೆಲಕ್ಕಿಳಿದವು. ಜಾಣೆಯಂತೆ ನಾನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದ ಉಪ್ಪಿನಕಾಯಿ ಭರಣಿ ನನ್ನ ಹೊಸ ಸೀರೆಯ ಮೇಲೆ ಬಂದು ಕೂತಿತು. ಬ್ರೇಕು ಹಾಕಿದಾಗಲೆಲ್ಲ ಪೀಪಾಯಿಯ ನೀರು ಉಕ್ಕಿ ಹಾಸಿಗೆ ತೊಯ್ಯಿತು. ವೈನಿ ಕಿಟಕಿಗೆ ಮುಖ ಮಾಡಿ, ಬಸ್ಸಿನಲ್ಲಿ ಸೀಟು ಹಿಡಿದು ಕೂತ ಪರಊರಿನವಳ ಹಾಗೆ ಕೂತಿದ್ದಳು. ಗಂಟು ಅವಳ ತೊಡೆಯ ಮೇಲೇ ಇತ್ತು.

ಅಣ್ಣ ಬೇಕೆಂದೇ ನೇರ ದಾರಿ ಬಿಟ್ಟು ಸುತ್ತು ದಾರಿ ಹಿಡಿದಿದ್ದ, ಮೊದಲ ದಿನ ಮಾನ್ವಿಯಲ್ಲಿ ತಂಗಿದೆವು. ಅಣ್ಣನ ಪರಿಚಯದ ಅಕ್ಕಿ ಗಿರಣಿಯವರು ಗಾಡಿ ನಿಲ್ಲಿಸಲು ಜಾಗ ಕೊಟ್ಟರು, ಮನೆಗೆ ಕರೆದು ಊಟವನ್ನೂ ಹಾಕಿದರು. ಅವರ ಮನೆಯ ಹೆಂಗಸರು ಒಬ್ಬೊಬ್ಬರಾಗಿ ಹತ್ತಿ ಇಳಿದು, ಬಚ್ಚಲು ಎಲ್ಲಿ ಎಂದು ಕೇಳಿ ನನ್ನ ಮಾನ ತೆಗೆದರು. ಬೆಳಿಗ್ಗೆ ನಾನು ಎದ್ದಾಗ ಗೂಡಿನ ಪಾತ್ರೆಗಳ ನಡುವೆ ಹಳೆಯ ಬಟ್ಟೆ ತುರುಕಿ, ಅವು ಅಲುಗದಂತೆ ಯಾರೋ ಒಪ್ಪ ಮಾಡಿದ್ದರು. ನಾನಂತೂ ಮಾಡಿರಲಿಲ್ಲ. ಅಣ್ಣ ಅದನ್ನು ನೋಡಿ, ಆ ದಿನ ಗಾಡಿಯನ್ನು ಬಹಳ ನಿಧಾನವಾಗಿ ಓಡಿಸಿದ.

ಸಿರವಾರ ದಾಟಿ ದೇವದುರ್ಗದ ದಾರಿ ಹಿಡಿದೆವು. ಹೊತ್ತು ಏರಿದಾಗ ಒಂದು ಹಳ್ಳಿಯ ಮುಂದೆ, ಬೇವಿನ ಮರದ ಕೆಳಗೆ ಅಣ್ಣ ಗಾಡಿ ನಿಲ್ಲಿಸಿದ. ಅಲ್ಲಿಂದ ಮುಂದೆ ಅವಳ ತವರು ಬಹಳ ದೂರವಿರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಸ್ಟೋವಿನ ಜೊತೆ ಗುದ್ದಾಡುತ್ತಿದ್ದೆ. ವೈನಿ ಗಂಟು ಪಕ್ಕಕ್ಕಿಟ್ಟು ಎದ್ದು ಬಂದು, ನನ್ನ ಕೈಯಿಂದ ಪಿನ್ನು ಇಸಿದುಕೊಂಡು ಸ್ಟೋವು ಹೊತ್ತಿಸಿದಳು. ರೊಟ್ಟಿ ಬಡಿದಳು, ಪುಂಡಿಪಲ್ಯ ಮಾಡಿದಳು, ಬೆಳ್ಳುಳ್ಳಿ ಒಗ್ಗರಣೆ ಹಾಕಿದಳು. ಅಣ್ಣ ಹೊರಗೆ ಚಕ್ರ ನೋಡುವ ನೆಪದಲ್ಲಿ ಕುಕ್ಕರಗಾಲಲ್ಲಿ ಕೂತು ಕಣ್ಣೊರೆಸಿಕೊಂಡದ್ದನ್ನು ನಾನು ಕಿಟಕಿಯಿಂದ ನೋಡಿದೆ.

ತಾಟು ಇಡಲು ಹೋದರೆ ವೈನಿ ತಡೆದಳು.

"ಹೊಸ ಮನ್ಯಾಗ ಮೊದಲ ತುತ್ತು ಮನಿ ಮಂದಿ ಉಣ್ಣಬಾರದು. ಯಾರನ್ನಾರ ಕರ್ಕೊಂಡು ಬರ್ರಿ."

ನಮ್ಮ ಮನೆತನದ ಪದ್ಧತಿಯೇ ಅದು. ಹೊಸ ಮನೆಯ ಒಲೆ ಹತ್ತಿದ ದಿನ ಮಠದ ಅಯ್ಯನವರೋ, ದಾರಿಹೋಕರೋ, ಹೊರಗಿನವರೊಬ್ಬರು ಉಂಡ ಮೇಲೆಯೇ ಅದು ಮನೆ. ಇಲ್ಲದಿದ್ದರೆ ಬರೀ ಗೋಡೆ. ಅವಳು ಅದನ್ನು ಮನೆ ಎಂದದ್ದೇ ಸಾಕೆಂದು ಅಣ್ಣ ಓಡುತ್ತಲೇ ಊರೊಳಗೆ ಹೋದ.

ಊರಲ್ಲಿ ನರಪಿಳ್ಳೆ ಇರಲಿಲ್ಲವಂತೆ. ಕದಗಳೆಲ್ಲ ಮುಚ್ಚಿದ್ದವು. ಒಂದು ಮನೆಯ ಮುಂದೆ ಕುದಿಯುವ ನೀರಿನ ಕೆಳಗೆ ಬೆಂಕಿ ಹಾಗೇ ಉರಿಯುತ್ತಿತ್ತು. ದೂರದ ಭತ್ತದ ಗದ್ದೆಗಳಲ್ಲಿ ಮಾತ್ರ ತಲೆಗಳು ಎದ್ದು, ಅವನನ್ನು ನೋಡಿ ಮತ್ತೆ ಅಡಗುತ್ತಿದ್ದವು. ಕೊನೆಗೆ ಒಂದು ಕದದ ಸಂದಿಯಿಂದ ಮುದುಕಿಯೊಬ್ಬಳು, ಊರಲ್ಲಿ ಗಂಡಸರು ಯಾರೂ ಇಲ್ಲ ಸಾಹೇಬರೇ, ಮೊನ್ನೆಯೇ ಪರಊರಿಗೆ ಹೋದರು ಎಂದು ಹೇಳಿ ಕದ ಹಾಕಿಕೊಂಡಳಂತೆ. ಆಗ ಅಣ್ಣ ತಿರುಗಿ ತನ್ನ ಗಾಡಿಯತ್ತ ನೋಡಿದ. ತುರ್ತುಪರಿಸ್ಥಿತಿಯ ಕಾಲ ಅದು. ಬಿಳಿ ವ್ಯಾನು ಬಂತೆಂದರೆ ಮಕ್ಕಳಾಗದ ಆಪರೇಷನ್ನಿಗೆ ಗಂಡಸರನ್ನು ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯ ಹಳ್ಳಿಹಳ್ಳಿಯಲ್ಲಿತ್ತು. ಅಣ್ಣ ಪ್ರೀತಿಯಿಂದ ಹೊಡೆದ ಸುಣ್ಣದ ಬಣ್ಣ ಒಂದು ಊರನ್ನೇ ಓಡಿಸಿತ್ತು.

ಅಣ್ಣ ಬಂದು ಹೇಳಿದಾಗ ನನಗೆ ನಗು ಬಂತು. ವೈನಿಗೆ ಬರಲಿಲ್ಲ. ರೊಟ್ಟಿಯ ಬುಟ್ಟಿಯ ಮೇಲೆ ಅರಿವೆ ಮುಚ್ಚಿದಳು. ಕೂಸಿಲ್ಲದವಳ ಕೈಯ ಊಟ ಯಾರಿಗೂ ಬೇಡ, ಬಿಡಿ, ದೇವದುರ್ಗಕ್ಕೆ ನಡೆಯಿರಿ ಎಂದು ಮತ್ತೆ ಗಂಟನ್ನು ತೊಡೆಯ ಮೇಲಿಟ್ಟುಕೊಂಡಳು. ಅಣ್ಣ ಸ್ಟೇರಿಂಗ್ ಹಿಡಿದು ಕೂತ. ಚಾವಿ ತಿರುಗಿಸಲು ಅವನಿಗೆ ಕೈ ಬರಲಿಲ್ಲ.

ಆಗ ಕುರಿಗಳ ಹಿಂಡೊಂದು ರಸ್ತೆ ದಾಟಿತು. ಹಿಂದೆ ಹೆಗಲಿಗೆ ಕಂಬಳಿ ಹಾಕಿಕೊಂಡ ಕುರುಬ, ಇನ್ನೂ ವಯಸ್ಸಿನವನೇ. ಅವನು ಓಡಲಿಲ್ಲ. ಗಾಡಿಯನ್ನು ಮೇಲಿನಿಂದ ಕೆಳಗಿನ ತನಕ ನೋಡಿ, ಬಾಗಿಲಿಗೇ ಬಂದು ಕುಡಿಯಲು ನೀರು ಕೇಳಿದ. ಭಯವಿಲ್ಲವೇ ಎಂದು ನಾನು ಕೇಳಿಯೇಬಿಟ್ಟೆ.

"ನಂದು ಆಗೇದ ಯವ್ವಾ. ನಾ ಯಾಕ ಓಡ್ಲಿ?" ಎಂದ. ನೀರು ಕುಡಿದು ಚೊಂಬು ಕೊಡುತ್ತ, ಯಾರೂ ಕೇಳದಿದ್ದರೂ ಹೇಳಿದ. "ಒಬ್ಬನೇ ಮಗ ಇದ್ದ. ನಂದು ಆದ ಮ್ಯಾಲ ಅವಾ ಹೋದ."

ವೈನಿ ಗಂಟು ಕೆಳಗಿಟ್ಟಳು. ತಾಟಿಗೆ ರೊಟ್ಟಿ, ಪಲ್ಯ ಹಾಕಿ, ಒಳಗೆ ಬಾರಪ್ಪಾ, ಉಣ್ಣು ಎಂದಳು. ಅವನು ಕಾಲು ತೊಳೆದುಕೊಂಡು ಬಂದು, ಕಂಬಳಿ ಮಡಚಿ ಕೂತು, ಅವಸರವಿಲ್ಲದೆ ಉಂಡ. ಅವಳು ಎದುರಿಗೆ ಕೂತು ಬಡಿಸಿದಳು.

"ನಂದೂ ಒಂದ ಇತ್ತಪ್ಪಾ. ಹೋತು," ಎಂದಳು.

ಅವನು ತುತ್ತು ತಾಟಿಗೆ ಬಿಟ್ಟ. "ಏನು ಹೆಸರು ಯವ್ವಾ, ಕೂಸಿಂದು?"

ಅಷ್ಟು ದಿನ ಯಾರೂ ಕೇಳದ ಮಾತು ಅದು. ಉತ್ತರ ಹೇಳಲು ನಾನು ಬಾಯಿ ತೆರೆದೆ. ಯಾಕೆಂದರೆ ಕೂಸಿಗೆ ನಮ್ಮ ಅವ್ವನ ಹೆಸರನ್ನೇ ಇಟ್ಟಿದ್ದರು, ಸೊಸೆ ಅತ್ತೆಯ ಹೆಸರು ಹೇಳುವಂತಿಲ್ಲ. ಕೂಸು ಬದುಕಿದ್ದಷ್ಟು ದಿನವೂ ವೈನಿ ಅದನ್ನು ಪುಟ್ಟಿ, ತಂಗಿ ಎಂದೇ ಕರೆದವಳು. ಅವಳು ಕೈ ಎತ್ತಿ ನನ್ನನ್ನು ಸುಮ್ಮನಿರಿಸಿದಳು.

"ಸಂಗಮ್ಮ," ಎಂದಳು.

ಹೆತ್ತ ಮಗಳ ಹೆಸರನ್ನು ಅವಳು ಮೊದಲ ಬಾರಿ ಬಾಯಿಬಿಟ್ಟು ಹೇಳಿದ್ದು ಒಬ್ಬ ಗುರುತಿಲ್ಲದ ಕುರುಬನಿಗೆ. ಇನ್ನೊಮ್ಮೆ ಹೇಳಿದಳು, ಸ್ವಲ್ಪ ಗಟ್ಟಿಯಾಗಿ. ಮುಂದೆ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅಣ್ಣ ಅಳುತ್ತಿದ್ದ. ಕುರುಬ ತನ್ನ ಮಗನ ಹೆಸರು ಬೀರಪ್ಪ ಎಂದು ಹೇಳಿದ. ವೈನಿ ಆ ಹೆಸರನ್ನೂ ಒಮ್ಮೆ ಅಂದಳು. ಅವನು ಉಂಡು ಕೈ ತೊಳೆದು ಕುರಿಗಳ ಹಿಂದೆ ಹೋದ ಮೇಲೆ ನಾವು ಮೂವರೂ ಉಂಡೆವು.

ದೇವದುರ್ಗ ಮುಟ್ಟಿದಾಗ ಅವಳು ಇಳಿದಳು, ತವರಿನವರೊಂದಿಗೆ ನಾಲ್ಕು ದಿನ ಇದ್ದಳು, ಮತ್ತೆ ಗಾಡಿ ಹತ್ತಿದಳು. ಅಷ್ಟರಲ್ಲಿ ಅಣ್ಣ ಅದಕ್ಕೆ ಕಡುನೀಲಿ ಬಣ್ಣ ಬಳಿದಿದ್ದ. ಇಬ್ಬರೂ ಆ ಗಾಡಿಯಲ್ಲಿ ವರ್ಷಗಟ್ಟಲೆ ಓಡಾಡಿದರು. ಈಗ ಇಬ್ಬರೂ ಇಲ್ಲ.

ಬಂಕಿನ ಕಟ್ಟೆಯಿಂದ ಎದ್ದವಳು ನಾನು ಮನೆಗೆ ಹೋಗಲಿಲ್ಲ. ನಮ್ಮ ಓಣಿಯಲ್ಲಿ ಹೋದ ತಿಂಗಳು ಒಬ್ಬ ತಾಯಿಯ ಮಗು ತೀರಿಕೊಂಡಿತ್ತು. ಎಲ್ಲರ ಜೊತೆ ನಾನೂ ಹೋಗಿ, ಧೈರ್ಯ ತಂದುಕೋ ಎಂದು ಹೇಳಿ ಬಂದಿದ್ದೆ. ಮೊನ್ನೆ ಒಬ್ಬಳೇ ಹೋದೆ. ಅವಳು ಬಾಗಿಲು ತೆಗೆದು, ಮತ್ತೆ ಏನು ಸಮಾಧಾನ ಹೇಳಲು ಬಂದಳೋ ಎಂಬಂತೆ ದಣಿದ ಕಣ್ಣಲ್ಲಿ ನೋಡಿದಳು. ನಾನು ಮಗುವಿನ ಹೆಸರು ಕೇಳಿದೆ. ಹೇಳಿದಳು. ಹೇಳಿ, ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, ದೀಪ ಹಚ್ಚುವ ಹೊತ್ತು ಮೀರಿದರೂ ಅವನ ಮಾತೇ ಆಡುತ್ತಿದ್ದಳು.