ಬುಧವಾರ, ಹನ್ನೆರಡು ನಲವತ್ತು

ಶಿರಸಿಯ ಒಂದು ಮುದ್ರಣಾಲಯದಲ್ಲಿ ಬಹಳ ವರ್ಷ ಲಗ್ನಪತ್ರಿಕೆಗಳನ್ನು ವಿನ್ಯಾಸ ಮಾಡುತ್ತಿದ್ದೆ. ಅಲ್ಲಿ ತಪ್ಪಾದರೆ ಮದುಮಗನ ಇನಿಶಿಯಲ್ ಹೆಚ್ಚು ಕಡಿಮೆಯಾಗುತ್ತಿತ್ತು, ಇನ್ನೊಮ್ಮೆ ಅಚ್ಚು ಹಾಕಿದರೆ ಮುಗಿಯುತ್ತಿತ್ತು. ಆಮೇಲೆ ವಿಮಾನದ ಟಿಕೆಟ್ ಕಾಯ್ದಿರಿಸುವ ಒಂದು ಆ್ಯಪಿಗೆ ಕನ್ನಡದ ಪರದೆಗಳನ್ನು ರೂಪಿಸುವ ಕೆಲಸ ಸಿಕ್ಕಿತು. ಮನೆಯಲ್ಲೇ ಕೂತು ಮಾಡಬಹುದು. ಯಾರಿಗೂ ಕಷ್ಟವಾಗದಂತೆ ಇರಬೇಕು ಎಂದಷ್ಟೇ ಕಂಪನಿಯವರು ಹೇಳಿದ್ದರು.

ಆ ಪರದೆಗಳ ಪರೀಕ್ಷೆಗೆ ನಾನು ಆರಿಸಿಕೊಂಡ ಮೊದಲನೆಯವರು ಮಂಚಿಕೇರಿಯ ಅಕ್ಕೋರು. ಒಂದನೇ ಇಯತ್ತೆಯಲ್ಲಿ ನನಗೆ ಅಕ್ಷರ ಕಲಿಸಿದವರು, ಈಗ ನಿವೃತ್ತರು. ಅಹಮದಾಬಾದಿನಲ್ಲಿದ್ದ ಅವರ ತಂಗಿಗೆ ಗುರುವಾರ ಹೃದಯದ ಆಪರೇಶನ್ ಇತ್ತು. ಅದಕ್ಕೆ ಮೊದಲು ತಂಗಿಯ ಮುಖ ನೋಡಬೇಕೆಂದು ಅಕ್ಕೋರು ಜೀವನದಲ್ಲಿ ಮೊದಲ ಬಾರಿ ವಿಮಾನ ಹತ್ತಲು ಹೊರಟಿದ್ದರು. ನನ್ನ ಪರದೆಗಳ ಮೇಲೆ ಬೆರಳಿಟ್ಟು, ಯಾರನ್ನೂ ಕೇಳದೆ, ಗೋವಾದಿಂದ ‘ಬುಧವಾರ, ರಾತ್ರಿ 12.40’ ಎಂದಿದ್ದ ಟಿಕೆಟ್ ತಾವೇ ತೆಗೆದರು. ನಾನು ಹಿಗ್ಗಿಹೋದೆ.

ಮಂಗಳವಾರ ಮಧ್ಯಾಹ್ನ ಇಸಳೂರಿನ ನಮ್ಮ ಪಕ್ಕದ ಮನೆಯ ಹೊಲಿಗೆಯಾಕೆಯನ್ನು ಕೂರಿಸಿಕೊಂಡು ಅದೇ ಪರದೆಗಳನ್ನು ತೋರಿಸುತ್ತಿದ್ದೆ. ಆಕೆಯೂ ಹಾಗೇ ಬುಧವಾರ ರಾತ್ರಿಯ ಒಂದು 12.40 ಒತ್ತಿದಳು. ಏನೋ ಮಾತಿಗೆಂದು ಕೇಳಿದೆ, "ಈ ಟಿಕೆಟ್ ತಗಂಡ್ರೆ ಮನೆಯಿಂದ ಯಾವಾಗ ಹೊರಡ್ತೆ?"

"ಬುಧವಾರ ರಾತ್ರಿ ಊಟ ಮುಗಿಸ್ಕಂಡು. ಮತ್ತೆಂತ?"

ಪರದೆಯನ್ನು ಇನ್ನೊಮ್ಮೆ ಓದಿದೆ. ಬುಧವಾರದ 12.40 ಎಂದರೆ ಮಂಗಳವಾರ ಮಧ್ಯರಾತ್ರಿ ಕಳೆದು ನಲವತ್ತು ನಿಮಿಷ. ಬುಧವಾರ ಊಟ ಮುಗಿಸಿ ಹೊರಟರೆ ವಿಮಾನ ಹಾರಿ ಒಂದು ಹಗಲೇ ಕಳೆದಿರುತ್ತದೆ. ಅಕ್ಕೋರನ್ನು ಗುಂಡಿ ಎಲ್ಲಿದೆ, ಅಕ್ಷರ ಕಾಣುತ್ತದೆಯೇ ಎಂದೆಲ್ಲ ನಾನು ಕೇಳಿದ್ದೆ. ಯಾವಾಗ ಹೊರಡುತ್ತೀರಿ ಎಂದು ಮಾತ್ರ ಕೇಳಿರಲಿಲ್ಲ.

ಫೋನ್ ಮಾಡಿದೆ. ವ್ಯಾಪ್ತಿ ಪ್ರದೇಶದಿಂದ ಹೊರಗೆ. ಆರು ಸಲವೂ ಅದೇ ಹೆಣ್ಣಿನ ದನಿ. ಗಂಟೆ ಮೂರಾಗಿತ್ತು. ಸ್ಕೂಟಿ ತೆಗೆದು ಯಲ್ಲಾಪುರದ ರಸ್ತೆ ಹಿಡಿದೆ. ದಾರಿಯುದ್ದಕ್ಕೂ ಅಕ್ಕೋರು ಮನೆಯಲ್ಲಿ ಇಲ್ಲದಿದ್ದರೆ, ಬಾಡಿಗೆ ಕಾರು ಸಿಗದಿದ್ದರೆ ಎಂದೇ ಯೋಚಿಸುತ್ತಿದ್ದೆ. ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂದಾಗ ಬ್ರೇಕ್ ಹಾಕುವುದೂ ತಡವಾಯಿತು. ಚಾಲಕ ಬೈದದ್ದು ಕಿವಿಗೆ ಬಿತ್ತು, ಅರ್ಥವಾಗಲಿಲ್ಲ.

ಅಕ್ಕೋರು ಜಗಲಿಯಲ್ಲಿ ಕೂತು ತಂಗಿಗೆ ಒಯ್ಯಲು ಉಪ್ಪಿನಕಾಯಿಯ ಬಾಟಲಿಗೆ ಬಟ್ಟೆ ಸುತ್ತುತ್ತಿದ್ದರು. ಪಕ್ಕದಲ್ಲಿ ಚೀಲ ಖಾಲಿಯಿತ್ತು.

"ಎಂತ ಆತೆ ಕೂಸೆ? ಹೀಂಗೆ ಬೆವತಿದ್ದೆ?"

"ಅಕ್ಕೋರೆ, ನಿಂಗಳ ವಿಮಾನ ನಾಳೆ ಅಲ್ಲ. ಇವತ್ತು ರಾತ್ರೆ."

"ಬುಧವಾರ ಹೇಳಿ ಇದ್ದಲೆ? ಆನು ನಾಳೆ ಸಂಜೆ ಹೋಗ್ತೆ ಹೇಳಿ ಕಾರಿಗೂ ಹೇಳಿಟ್ಟಿದ್ದೆ."

"ಹನ್ನೆರಡು ದಾಟಿದ ಕೂಡ್ಲೆ ಬುಧವಾರ ಆಗ್ತು."

ಅವರು ಬಾಟಲಿಯನ್ನು ಕೆಳಗಿಟ್ಟರು. "ಆನೇ ಸರಿ ನೋಡಿದ್ನಿಲ್ಲೆ. ಎಷ್ಟು ಮಕ್ಕಳಿಗೆ ಗಡಿಯಾರ ಹೇಳಿಕೊಟ್ಟಿದ್ದೆ, ಯಂಗೇ ಗೊತ್ತಾಜಿಲ್ಲೆ."

ಸುಮ್ಮನಿದ್ದುಬಿಡಬಹುದಿತ್ತು. ಆದರೆ ಹೇಳಿದೆ, "ನಿಂಗಳ ತಪ್ಪಲ್ಲ. ಆ ಪರದೆ ಮಾಡಿದ್ದು ಆನು. ಯಂದೇ ತಪ್ಪು."

ಅವರು ನನ್ನನ್ನೇ ನೋಡಿದರು. "ಹಂಗಾರೆ ಆಮೇಲೆ ಸರಿ ಮಾಡು. ಈಗ ಆ ಚೀಲ ಹಿಡಿ."

ಹೇಳಿಟ್ಟ ಕಾರು ಆ ದಿನ ಬೇರೆ ಬಾಡಿಗೆಗೆ ಹೋಗಿತ್ತು. ಯಲ್ಲಾಪುರದಿಂದ ಇನ್ನೊಂದು ಬರುವಷ್ಟರಲ್ಲಿ ಐದು ದಾಟಿತು. ನಾನೂ ಹತ್ತಿದೆ. ಅರಬೈಲ್ ಘಟ್ಟದಲ್ಲಿ ಲಾರಿಯೊಂದು ಅಡ್ಡ ನಿಂತು ಮುಕ್ಕಾಲು ಗಂಟೆ ಕದಲಲಿಲ್ಲ. ನಾನು ಇಳಿದು ಹೋಗಿ ನೋಡುವುದು, ಮತ್ತೆ ಬಂದು ಕೂರುವುದು ಮಾಡುತ್ತಿದ್ದೆ. ಅಕ್ಕೋರು ಕಣ್ಣು ಮುಚ್ಚಿ ಕೂತಿದ್ದರು. ತುಟಿ ಮಾತ್ರ ಅಲುಗುತ್ತಿತ್ತು. ನಿಲ್ದಾಣ ಮುಟ್ಟಿದಾಗ ವಿಮಾನಕ್ಕೆ ಇನ್ನೂ ಒಂದೂವರೆ ಗಂಟೆ ಇತ್ತು. ಬಾಗಿಲಲ್ಲಿ ನಿಂತ ಪೊಲೀಸ್ ಟಿಕೆಟ್ಟನ್ನೂ ಆಧಾರ್ ಕಾರ್ಡನ್ನೂ ಎರಡೆರಡು ಸಲ ನೋಡಿದಾಗ ಹೆಸರಲ್ಲೂ ಏನೋ ತಪ್ಪು ಮಾಡಿದ್ದೇನೆ ಎಂದುಕೊಂಡೆ. ಆತ ಅವರನ್ನು ಒಳಗೆ ಬಿಟ್ಟ.

ಗುರುವಾರ ಬೆಳಿಗ್ಗೆ ಅಕ್ಕೋರು ಫೋನ್ ಮಾಡಿದರು. ತಂಗಿಯನ್ನು ಆಗಷ್ಟೇ ಒಳಗೆ ಕರೆದುಕೊಂಡು ಹೋಗಿದ್ದರು. ಹಿಂದಿನ ಇಡೀ ದಿನ ಇಬ್ಬರೂ ಮಾತಾಡಿದರಂತೆ. ಸಂಜೆ ಮತ್ತೆ ಮಾಡಿ, ಎಲ್ಲ ಸರಿಯಾಯಿತು ಎಂದರು.

ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಅಕ್ಕೋರ ಹಾಗೆ ಇನ್ನೆಷ್ಟು ಜನ ಆ ಪರದೆ ನಂಬಿ ನಿಶ್ಚಿಂತೆಯಿಂದ ಇದ್ದಾರೋ? ಪರದೆಯಲ್ಲಿ ಬುಧವಾರ ರಾತ್ರಿ 12.40 ಎಂದಿದ್ದರೆ ಅದರ ಕೆಳಗೆ "ಮಂಗಳವಾರ ರಾತ್ರಿಯೇ ಮನೆಯಿಂದ ಹೊರಡಿ" ಎಂಬಂಥ ಸಾಲು ದೊಡ್ಡದಾಗಿ ಬರುವಂತೆ ಮಾಡಿದೆ. ಅಂದ ಕೆಡುತ್ತದೆ ಎಂದು ಕಂಪನಿಯವರು ಗೊಣಗಿದರು. ಕೆಡಲಿ ಎಂದೆ. ಮಧ್ಯರಾತ್ರಿಯ ನಂತರದ ವಿಮಾನಕ್ಕೆ ಟಿಕೆಟ್ ತೆಗೆದವರಿಗೆಲ್ಲ ಫೋನ್ ಮಾಡಲೇಬೇಕು ಎಂದು ಹಟ ಹಿಡಿದೆ. ಕನ್ನಡದವರಿಗೆ ನಾನೇ ಮಾಡುವುದೆಂದಾಯಿತು.

ಮೂರನೆಯ ಕರೆಗೆ ಬನವಾಸಿ ಕಡೆಯ ಒಬ್ಬರು ಸಿಕ್ಕರು. ನಿಮ್ಮ ಪ್ರಯಾಣ ಯಾವಾಗ ಎಂದು ಕೇಳಿದೆ.

"ನಾಳೆ ರಾತ್ರಿ ಐತಲ್ರಿ. ಯಾಕ್ರೀ?"

"ಇವತ್ತು ರಾತ್ರಿ ಸರ್" ಎಂದೆ. ಅವರು ಮನೆಯೊಳಗೆ ಯಾರನ್ನೋ ಜೋರಾಗಿ ಕೂಗಿದ್ದು ಕೇಳಿತು.