ಕುಂಬಳಕಾಯಿ ಕೇಸಿನ ದ್ರಾಕ್ಷಾಯಿಣಿ

ಬೆಳಗಿನ ಆರು ಗಂಟೆ. ಮೇನೂತ್ ಊರಿನ ಬಸ್‌ಸ್ಟಾಪಿನಲ್ಲಿ ದ್ರಾಕ್ಷಾಯಿಣಿ ಫ್ಲಾಸ್ಕಿನ ಕಾಫಿ ಹೀರುತ್ತಾ ಗಂಟಲು ಸರಿಮಾಡಿಕೊಳ್ಳುತ್ತಿದ್ದಾರೆ. ಅವರ ಬಂಡವಾಳವೆಲ್ಲ ಆ ಗಂಟಲೇ. ಐರ್ಲೆಂಡಿನ ಕೋರ್ಟುಗಳಲ್ಲಿ ಇಂಗ್ಲಿಷ್ ಬಾರದವರ ಮಾತನ್ನು ಜಡ್ಜಿಗೂ ಜಡ್ಜಿನ ಮಾತನ್ನು ಅವರಿಗೂ ದಾಟಿಸುವುದು ಇವರ ಕೆಲಸ. ಕನ್ನಡದ ಕೇಸು ವರ್ಷಕ್ಕೆ ನಾಲ್ಕು ಬಂದರೆ ಹೆಚ್ಚು, ಉಳಿದದ್ದೆಲ್ಲ ಹಿಂದಿ. "ಅವ್ರೇನಂದ್ರೂ ಅಷ್ಟನ್ನೂ ಹೇಳ್ಬೇಕು. ಸೇರಿಸೋ ಹಾಗಿಲ್ಲ, ಬಿಡೋ ಹಾಗಿಲ್ಲ, ಸಮಾಧಾನ ಅಂತೂ ಮಾಡೋ ಹಾಗೇ ಇಲ್ಲ," ಎನ್ನುತ್ತಾರೆ.

ಇಂದಿನ ಆರೋಪಿ ಮಂಡ್ಯದ ತಿಮ್ಮಯ್ಯ. ಸ್ವೋರ್ಡ್ಸ್ ಎಂಬ ಊರಿನಲ್ಲಿರುವ ಮಗಳು ಅರ್ಪಿತಾಳ ಮನೆಗೆ ಬಂದವರು, ಅವಳ ಹೊಸ ಕಾರಿಗೆ ಪೂಜೆ ಮಾಡಿ, ಕುಂಕುಮ ತುಂಬಿದ ಬೂದುಗುಂಬಳವನ್ನು ನಡುರಸ್ತೆಯಲ್ಲಿ ಒಡೆದರು. ಕಿಟಕಿಯಿಂದ ಕೆಂಪು ಕಂಡ ಪಕ್ಕದ ಮನೆಯಾಕೆ ಕೊಲೆಯೆಂದು ಪೊಲೀಸರಿಗೆ ಫೋನು ಮಾಡಿದಳು. ಎರಡು ಕಾರು ಬಂದವು. ಹೆಣ ಸಿಗಲಿಲ್ಲ, ಬೀಜ ಸಿಕ್ಕವು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಎಂಬ ಗಾದೆಯಂತೆ, ಯಾರೂ ಕೇಳುವ ಮೊದಲೇ ತಿಮ್ಮಯ್ಯ ಎರಡೂ ಕೈ ಎತ್ತಿದ್ದರಂತೆ. ಕೊಲೆ ಇಳಿದು ಕಸ ಎಸೆದ ಕೇಸಾಯಿತು. ದಂಡದ ನೋಟಿಸನ್ನು ಅಳಿಯ ಜಾಹೀರಾತೆಂದು ಬಿಸಾಡಿದ್ದರಿಂದ ಕೋರ್ಟಿಗೂ ಬಂತು.

ಕೋರ್ಟಿನ ಬಾಗಿಲಲ್ಲಿ ತಿಮ್ಮಯ್ಯ ದ್ರಾಕ್ಷಾಯಿಣಿಯವರನ್ನು ತಡೆದು ನಿಲ್ಲಿಸುತ್ತಾರೆ. "ನಮ್ ವಂಸದಲ್ಲೇ ಯಾರೂ ಕೋರ್ಟ್ ಮೆಟ್ಲು ಹತ್ತಿಲ್ಲ ತಾಯಿ. ಇದು ದೊಡ್ಡ ಅಪರಾಧನಾ, ಸಣ್ಣದಾ? ಜೈಲಾ? ಅಷ್ಟ್ ಹೇಳ್ಬುಡು."

ಉತ್ತರ ಗೊತ್ತಿದ್ದರೂ ದ್ರಾಕ್ಷಾಯಿಣಿ ಹೇಳುವಂತಿಲ್ಲ. "ಜಡ್ಜನ್ನೇ ಕೇಳಿ, ದಾಟಿಸ್ತೀನಿ."

ಒಳಗೆ ತಿಮ್ಮಯ್ಯ ಅದನ್ನೇ ಕೇಳಿದಾಗ ಜಡ್ಜಮ್ಮ ಪಾಠವನ್ನೇ ಶುರು ಮಾಡುತ್ತಾರೆ. ಅಪರಾಧಗಳನ್ನು ಘೋರ, ಲಘು ಎಂದು ಎರಡು ಪಂಕ್ತಿಯಲ್ಲಿ ಕೂರಿಸುವ ಹಳೇ ಪದ್ಧತಿಯನ್ನು ಈ ದೇಶ 1997ರಲ್ಲೇ ಕೈಬಿಟ್ಟಿತಂತೆ. ಈಗ ಐದು ವರ್ಷ ಅಥವಾ ಹೆಚ್ಚು ಜೈಲಾಗಬಹುದಾದ ಅಪರಾಧಕ್ಕೆ ವಾರಂಟಿಲ್ಲದೆ ಹಿಡಿಯಬಹುದು; ಸಣ್ಣಪುಟ್ಟವು ಜ್ಯೂರಿಯಿಲ್ಲದೆ ಇಲ್ಲೇ ಮುಗಿಯುತ್ತವೆ.

"ಈವಮ್ಮ ನಮ್ ಗಂಗಮ್ಮತ್ತೆ ತರಾನೇ ಕೊರೀತಾಳಲ್ಲ," ಎಂದು ತಿಮ್ಮಯ್ಯ ಗೊಣಗುತ್ತಾರೆ. ದ್ರಾಕ್ಷಾಯಿಣಿ ಅದನ್ನೂ ಇಂಗ್ಲಿಷಿನಲ್ಲಿ ಒಪ್ಪಿಸುತ್ತಾರೆ.

"ಅಯ್ಯೋ, ಅದ್ಯಾಕ್ ಹೇಳ್ದೆ!" ಅದೂ ಹೋಗುತ್ತದೆ.

"ಸುಮ್ಕಿರು ತಾಯಿ!" ಅದೂ.

ಜಡ್ಜಮ್ಮ ನಗು ತಡೆಯಲಾಗದೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾರೆ. ರಸ್ತೆ ಗುಡಿಸಿದಿರಾ ಎಂದು ಕೇಳುತ್ತಾರೆ. "ಅವತ್ತೇ. ಇಡೀ ಬೀದೀನೇ ಗುಡಿಸ್ದೆ." ಕಸಕ್ಕೆ ಜೈಲಿಲ್ಲ, ಇದು ಸಣ್ಣದರಲ್ಲಿ ಸಣ್ಣದು ಎಂದು ಹೇಳಿ ಅವರು ಕೇಸು ವಜಾ ಮಾಡುತ್ತಾರೆ.

ಹೊರಗೆ ಬಂದ ತಿಮ್ಮಯ್ಯ ಗಳಗಳನೆ ಅಳುತ್ತಾರೆ. "ನನ್ ಮಾನ ಕಳೆಯೋ ಮಾತ್ನೂ ಬಿಡದೆ ಹೇಳ್ದೋಳು ನೀನು. ಅದ್ಕೇ ಜೈಲಿಲ್ಲ ಅಂದಾಗ ನಂಬ್ದೆ."

ದ್ರಾಕ್ಷಾಯಿಣಿ ಮಧ್ಯಾಹ್ನದ ಬಸ್ಸಿಗೆ ಕಾಯುತ್ತಿದ್ದಾರೆ. "ಅವ್ರು 'ನಾನು' ಅಂದ್ರೆ ನಾನೂ 'ನಾನು' ಅಂತಾನೇ ಹೇಳ್ಬೇಕು. ಇಷ್ಟು ವರ್ಷದಲ್ಲಿ ಕುಡಿದು ಗಾಡಿ ಓಡ್ಸಿದೀನಿ, ಅಂಗಡೀಲಿ ಕದ್ದಿದೀನಿ, ಇವತ್ತು ಕುಂಬಳಕಾಯೀನೂ ಒಡೆದೆ. ಎಲ್ಲಾ ಜಡ್ಜ್ ಮುಂದೇನೇ ಒಪ್ಕೊಂಡಿದೀನಿ. ಆದ್ರೂ ನೋಡಿ, ಚೆನ್ನಾಗಿದೀನಿ ಅನ್ನೋಕೆ ಇಲ್ಲಿಯವ್ರು ಹೇಳೋ ಹಾಗೆ, ಐ ಆಮ್ ಗ್ರ್ಯಾಂಡ್!"